ನೋವು ನಿಂತ ತಿಂಗಳು

ಫೆಬ್ರವರಿ 9

ಪ್ರೀತಿಯ ಗಂಟಲು,

ನೀನು ಕಂಡಕ್ಟರ್ ಚೀಲವನ್ನು ಡಿಪೋಗೆ ಒಪ್ಪಿಸಿ ಮಗಳ ಮನೆ ಸೇರಿ ಇವತ್ತಿಗೆ ಒಂಬತ್ತು ದಿನ. ಮೊನ್ನೆ ಫೋನಿನಲ್ಲಿ ನಾನು ಕಿರುಚಿದ್ದರಲ್ಲಿ ನಿನಗೆ ಅರ್ಧ ಕೇಳಿಸಲಿಲ್ಲ, ಉಳಿದರ್ಧಕ್ಕೆ ನೀನು ತಲೆಬುಡವಿಲ್ಲದ ಉತ್ತರ ಕೊಟ್ಟೆ. ನಿನ್ನ ಎಡಗಿವಿಯನ್ನು ನಮ್ಮ ಬಸ್ಸಿನ ಇಂಜಿನ್ನು ಹದಿನೆಂಟು ವರ್ಷದಲ್ಲಿ ತಿಂದು ಮುಗಿಸಿದೆ, ಬಲಗಿವಿಯ ಕೆಲಸ ಮೊಮ್ಮಗಳು ನೋಡಿಕೊಳ್ಳುತ್ತಾಳೆ. ಅದಕ್ಕೇ ಈ ಕಾಗದ. ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟು ನಿಂತುಕೊಂಡೇ ಬರೆಯುತ್ತಿದ್ದೇನೆ. ಕೂತರೆ ಹತ್ತು ನಿಮಿಷದ ಮೇಲೆ ತಡೆಯುವುದಿಲ್ಲ.

ನಿನ್ನ ಜಾಗಕ್ಕೆ ಒಬ್ಬ ಹುಡುಗಿ ಬಂದಿದ್ದಾಳೆ. ಇಪ್ಪತ್ತನಾಲ್ಕು ವರ್ಷ, ಮೊದಲ ಕೆಲಸ, ಬಹಳ ಅಚ್ಚುಕಟ್ಟು. ಆದರೆ ನಿನ್ನ ಹಾಗೆ ಸ್ಟಾಪಿನ ಹೆಸರು ಕೂಗುವುದಿಲ್ಲ, ಮೆಲ್ಲಗೆ ಹೇಳುತ್ತಾಳೆ. ಆಸ್ಪತ್ರೆಯ ಹತ್ತಿರ ಇಳಿಯಬೇಕಾದ ಒಬ್ಬ ಅಜ್ಜಿ ಮಾರ್ಕೆಟ್ಟಿನವರೆಗೂ ಬಂದು, "ಆ ಗಂಟಲು ಎಲ್ಲಿ ಹೋಯ್ತಪ್ಪಾ?" ಅಂತ ನನ್ನನ್ನೇ ಬೈದಳು. ಹುಡುಗಿಯದು ಒಂದೇ ತಪ್ಪು, ಬೆಲ್ಲು. ಇಳಿಯುವವರಿದ್ದಾರೆ ಅಂತ ತಿಳಿಸುವ ಬೆಲ್ಲನ್ನು ಸ್ಟಾಪು ಮೂಗಿನ ಹತ್ತಿರ ಬಂದಮೇಲೆ ಹೊಡೆಯುತ್ತಾಳೆ. ನಾನು ಒದ್ದಾಡಿಕೊಂಡು ಬ್ರೇಕ್ ಒತ್ತಬೇಕು. ಕೇಳಿದರೆ, "ಸರ್, ಟ್ರೇನಿಂಗಲ್ಲಿ ಹೇಳಿಕೊಟ್ಟ ಜಾಗದಲ್ಲೇ ಹೊಡೀತಿದ್ದೀನಿ" ಅನ್ನುತ್ತಾಳೆ. ನಿನ್ನಿಂದ ನಾನು ಕೆಟ್ಟು ಹೋಗಿದ್ದೇನೆ ಮಾರಾಯ.

ಕಾಲು ಹಾಗೇ ಇದೆ. ಬಲಗಡೆ ಪಿರ್ರೆಯಿಂದ ಹೊರಟು ತೊಡೆಯ ಹಿಂದೆ ಇಳಿದು ಹೆಬ್ಬೆರಳಿನವರೆಗೆ ಕರೆಂಟು ಹೊಡೆದ ಹಾಗೆ. ಸಯಾಟಿಕಾ ಅಂತ ಡಾಕ್ಟರು ಹೆಸರಿಟ್ಟು ವರ್ಷದ ಮೇಲಾಯಿತು. ಹೆಸರಿನಿಂದ ನನಗೇನೂ ಉಪಯೋಗವಾಗಲಿಲ್ಲ. ಸೀನು ಬಂದರೆ ಗೋಡೆ ಹಿಡಿದುಕೊಳ್ಳಬೇಕು. ಪ್ಯಾಂಟು ಹಾಕಿಕೊಳ್ಳುವುದು ಒಂದು ಸಾಹಸ. ಹಾಸಿಗೆ ಬಿಟ್ಟು ನೆಲದ ಮೇಲೆ ಮಲಗಿ, ಕಾಲೆರಡನ್ನೂ ಕುರ್ಚಿಯ ಮೇಲೆ ಇಟ್ಟುಕೊಂಡರೆ ಅರ್ಧ ಗಂಟೆ ಬಿಡುವು. ಸೀಟಿನಲ್ಲಿ ಸೊಂಟಕ್ಕೆ ಸುತ್ತಿದ ಟವೆಲ್ಲು ಇದ್ದೇ ಇದೆ. ಮಾತ್ರೆ ತಿಂದರೆ ತಲೆ ತೂಗುತ್ತದೆ, ಆದ್ದರಿಂದ ಡ್ಯೂಟಿ ಮುಗಿದ ಮೇಲೆ ಮಾತ್ರ ತಿನ್ನುತ್ತೇನೆ. ಡಿಪೋದಲ್ಲಿ ಯಾರಿಗೂ ಗೊತ್ತಿಲ್ಲ, ನಿನ್ನೊಬ್ಬನಿಗೇ.

ನೀನಿಲ್ಲದೆ ಬಸ್ಸು ಬಿಕೋ ಅನ್ನುತ್ತಿದೆ. ಬರಿ.

ಇಂತಿ ನಿನ್ನ,
ಗಂಟುಮೋರೆ


ಫೆಬ್ರವರಿ 24

ಪ್ರೀತಿಯ ಗಂಟುಮೋರೆ,

ಹದಿನೆಂಟು ವರ್ಷದಲ್ಲಿ ನೀನು ಒಟ್ಟು ಆಡಿದ ಮಾತಿಗಿಂತ ಈ ಕಾಗದದಲ್ಲಿ ಜಾಸ್ತಿ ಇತ್ತು. ಮಗಳಿಗೆ ಓದಿ ಹೇಳಿದೆ. "ಇದು ಡ್ರೈವರ್ ಮಾಮ ಬರೆದಿದ್ದಲ್ಲ, ಯಾರ ಕೈಲೋ ಬರೆಸಿದ್ದಾರೆ" ಅಂದಳು.

ಇಲ್ಲಿ ನಾನು ಸುಖವಾಗಿದ್ದೇನೆ, ಅದೇ ತೊಂದರೆ. ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತದೆ, ಎದ್ದು ಹೋಗಲು ಜಾಗವಿಲ್ಲ. ಮೊಮ್ಮಗಳನ್ನು ಶಾಲೆಗೆ ಬಸ್ಸಿನಲ್ಲಿ ಬಿಟ್ಟು ಬರುತ್ತೇನೆ. ಇಲ್ಲಿಯ ಕಂಡಕ್ಟರ್ ಬಾಯಿಗೆ ಬೀಗ ಹಾಕಿಕೊಂಡ ಮನುಷ್ಯ. ಮೊನ್ನೆ ತಡೆಯಲಾರದೆ ನಾನೇ ಸ್ಟಾಪಿನ ಹೆಸರು ಕೂಗಿಬಿಟ್ಟೆ. ನಾಲ್ಕು ಜನ ಇಳಿದರು. ಮೊಮ್ಮಗಳು ನಾಚಿಕೆಯಿಂದ ಬೇರೆ ಸೀಟಿಗೆ ಹೋಗಿ ಕೂತಳು.

ಈಗ ಕಾಲಿನ ವಿಷಯ. ಸರಿಯಾಗಿ ಉತ್ತರ ಕೊಡು, ಹಾರಿಕೆ ಬೇಡ. ಹೆಬ್ಬೆರಳು ಮುಟ್ಟಿದರೆ ಗೊತ್ತಾಗುತ್ತದಾ? ಮೆಟ್ಟಿಲು ಹತ್ತುವಾಗ ಪಾದ ಎಡವುತ್ತದಾ? ಆ ದೊಡ್ಡ ಆಸ್ಪತ್ರೆಯ ನರದ ಡಾಕ್ಟರಿಗೆ ತೋರಿಸು ಅಂತ ಎಷ್ಟು ಸಲ ಬಡಕೊಂಡೆ. ನೋವು ಅನ್ನುವುದು ಬೇರೆ, ಕಾಲು ಹೋಗುವುದು ಬೇರೆ.

ಆ ಹುಡುಗಿಯನ್ನು ಬೈಯಬೇಡ. ಬೆಲ್ಲು ಸ್ವಲ್ಪ ಮುಂಚೆ ಹೊಡಿ ಅಂತ ಸಮಾಧಾನವಾಗಿ ಕೇಳಿಕೋ. ಯಾಕೆ ಅಂತ ಅವಳು ಕೇಳಿದರೆ, ನನಗೆ ಅಭ್ಯಾಸ ಹಾಗೆ ಅನ್ನು. ಇದನ್ನು ಮರೆಯಬೇಡ.

ನಿನ್ನ ಮನೆಯಾಕೆಗೆ, ನನ್ನನ್ನು ಅಣ್ಣ ಅನ್ನುವ ನನ್ನ ತಂಗಿಗೆ, ನನ್ನ ನೆನಪು ಹೇಳು.

ನಿನ್ನ,
ಗಂಟಲು


ಮಾರ್ಚ್ 8

ಪ್ರೀತಿಯ ಗಂಟಲು,

ಒಳ್ಳೆ ಸುದ್ದಿ. ನೋವು ಹೋಯಿತು.

ನಂಬಲಿಕ್ಕೆ ನನಗೇ ನಾಲ್ಕು ದಿನ ಬೇಕಾಯಿತು. ಕಳೆದ ವಾರ ಕಡಿಮೆಯಾಗುತ್ತಾ ಬಂತು, ಭಾನುವಾರ ಎದ್ದರೆ ಏನೂ ಇಲ್ಲ. ಹದಿನಾಲ್ಕು ತಿಂಗಳಾದಮೇಲೆ ಮೊದಲ ಸಲ ಬೆಳಗಿನವರೆಗೂ ಒಂದೇ ನಿದ್ದೆ. ಕೂತು ಊಟ ಮಾಡಿದೆ. ನಿನ್ನ ತಂಗಿ ನನ್ನ ಮುಖ ನೋಡಿ ಅತ್ತೇಬಿಟ್ಟಳು. ಆಮೇಲೆ ಅಳು ಒರೆಸಿಕೊಂಡು, ಇಷ್ಟು ದಿನ ನಾನು ಅವಳ ಮೇಲೆ ರೇಗಿದ್ದನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಟ್ಟಳು. ನೋವಿದ್ದಾಗ ನಾನು ಮನುಷ್ಯನಾಗಿರಲಿಲ್ಲ, ಒಪ್ಪುತ್ತೇನೆ. ತಟ್ಟೆ ಸದ್ದಾದರೂ ಸಿಟ್ಟು ಬರುತ್ತಿತ್ತು.

ನಿನ್ನ ಪ್ರಶ್ನೆಗಳಿಗೆ ಉತ್ತರ: ಪಾದ ಸ್ವಲ್ಪ ಮರಗಟ್ಟಿದ ಹಾಗಿದೆ, ಅಷ್ಟೆ. ಇಷ್ಟು ಕಾಲ ಸುಟ್ಟ ನರ ತಣ್ಣಗಾಗಬೇಡವೇ? ನಿನ್ನೆ ಒಂದು ತಮಾಷೆ ನಡೆಯಿತು. ಬೂಟು ಬಿಗಿಯಾಗುತ್ತದೆ ಅಂತ ಚಪ್ಪಲಿ ಹಾಕಿಕೊಂಡು ಹೋಗಿದ್ದೆ. ಮೂರು ಸ್ಟಾಪು ದಾಟಿದ ಮೇಲೆ ಮುಂದಿನ ಸೀಟಿನ ಹೆಂಗಸು, "ಡ್ರೈವರಣ್ಣ, ನಿಮ್ಮ ಬಲಗಾಲ ಚಪ್ಪಲಿ ಇಲ್ಲಿ ಬಾಗಿಲ ಹತ್ರ ಬಿದ್ದಿದೆ" ಅಂದಳು. ಹತ್ತುವಾಗಲೇ ಕಳಚಿಕೊಂಡಿದೆ, ನನಗೆ ಗೊತ್ತೇ ಇಲ್ಲ. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ.

ನರದ ಡಾಕ್ಟರ ಹತ್ತಿರ ಹೋಗಲು ಈಗ ಕಾರಣವೇ ಇಲ್ಲ. ನೀನು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ. ಬೆಲ್ಲಿನ ವಿಷಯ ಹುಡುಗಿಗೆ ಹೇಳಲಿಲ್ಲ, ಅವಳ ಹತ್ತಿರ ಬೇಡಿಕೊಳ್ಳುವುದು ನನ್ನಿಂದಾಗದು.

ನಿನ್ನ,
ಗಂಟುಮೋರೆ


ಮಾರ್ಚ್ 27

ಗಂಟಲು,

ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಹತ್ತೊಂಬತ್ತನೇ ತಾರೀಕು ಬೆಳಿಗ್ಗೆ ಎರಡನೇ ಟ್ರಿಪ್ಪಿನಲ್ಲಿ ನನ್ನ ಬಸ್ಸು ಒಬ್ಬ ಹೆಂಗಸಿನ ಕಾಲ ಮೇಲೆ ಹತ್ತಿತು.

ಆಸ್ಪತ್ರೆಯಾದ ಮೇಲೆ, ಗಡಿಯಾರ ರಿಪೇರಿಯವನ ಎದುರಿಗಿರುವ ಸ್ಟಾಪು. ಬಸ್ಸು ತುಂಬಿತ್ತು, ನಿಲ್ಲಿಸದೆ ಹೋಗುವುದೆಂದು ಇದ್ದೆ. ಬೆಲ್ಲು ಬಿತ್ತು. ಎಡಕ್ಕೆ ತಿರುಗಿಸಿ ಬ್ರೇಕ್ ಒತ್ತಿದೆ. ಒತ್ತಿದೆ ಅಂದುಕೊಂಡೆ. ಬಸ್ಸು ನಿಧಾನವಾಗಲಿಲ್ಲ. ಬೂಟಿನ ತುದಿ ಬ್ರೇಕಿನ ಅಂಚಿಗೆ ಸಿಕ್ಕಿಕೊಂಡಿತ್ತು. ಬಿಡಿಸಿಕೊಂಡು ಒತ್ತುವಷ್ಟರಲ್ಲಿ ಮುಂದಿನ ಚಕ್ರ ಫುಟ್‌ಪಾತಿನ ಮೇಲಿತ್ತು. ನಿಂತಿದ್ದವರೆಲ್ಲ ಹಿಂದಕ್ಕೆ ಹಾರಿದರು. ಅವಳ ಎರಡು ಕೈಯಲ್ಲೂ ಬಟ್ಟೆಯ ಗಂಟು, ಹಾರಲಾಗಲಿಲ್ಲ.

ಹೊಲಿಗೆಯವಳು. ಮನೆಯಲ್ಲೇ ಮಿಷನ್ನು ಇಟ್ಟುಕೊಂಡು ಹೊಲಿಯುತ್ತಾಳಂತೆ, ಇನ್ನೂ ನಲವತ್ತು ದಾಟಿಲ್ಲ. ಎಡಗಾಲನ್ನು ಕಣಕಾಲಿನ ಮೇಲಿಂದ ತೆಗೆದರು.

ನಾನು ಊಟ ಬಿಟ್ಟಿದ್ದೇನೆ ಅಂತ ನಿನ್ನ ತಂಗಿ ನಿನಗೆ ಫೋನು ಮಾಡಲು ಹೋಗಿದ್ದಳು, ನಾನೇ ತಡೆದೆ. ಕಣ್ಣು ಮುಚ್ಚಿದರೆ ಆ ಗಂಟಿನಿಂದ ಚೆಲ್ಲಿದ ಬಟ್ಟೆಗಳೇ ಕಾಣುತ್ತವೆ. ಒಂದು ಹಳದಿ ಫ್ರಾಕು ಇತ್ತು.

ಡಿಪೋದಲ್ಲಿ ವಿಚಾರಣೆ ಏಪ್ರಿಲ್ ಹದಿನೆಂಟಕ್ಕೆ. ಬೆಲ್ಲು ತಡವಾಗಿ ಬಿತ್ತು, ಬ್ರೇಕಿಗೆ ಸಮಯ ಸಿಗಲಿಲ್ಲ ಅಂತ ಹೇಳಿಕೆ ಕೊಟ್ಟಿದ್ದೇನೆ. ಅದು ಸುಳ್ಳಲ್ಲ. ಆ ಹುಡುಗಿ ಯಾವಾಗಲೂ ತಡವಾಗಿಯೇ ಹೊಡೆಯುತ್ತಿದ್ದಳು, ನಿನಗೆ ಮೊದಲೇ ಬರೆದಿದ್ದೆನಲ್ಲ. ಅವಳನ್ನು ಸಸ್ಪೆಂಡ್ ಮಾಡಿದ್ದಾರೆ. ತಪ್ಪು ಅವಳದೇ ಅಂತಾದರೆ ಕೆಲಸ ಹೋಗುತ್ತದೆ. ನನ್ನದು ಅಂತಾದರೆ ನನ್ನದು ಹೋಗುತ್ತದೆ. ಕಾಲಿನ ವಿಷಯ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ನೋವೇ ಇಲ್ಲದ ಮೇಲೆ ಹೇಳುವುದೇನು?

ಒಂದು ಉಪಕಾರ ಕೇಳುತ್ತೇನೆ. ವಿಚಾರಣಾಧಿಕಾರಿಗೆ ನೀನೊಂದು ಕಾಗದ ಬರೆದುಕೊಡು. ಹದಿನೆಂಟು ವರ್ಷ ಜೊತೆಗಿದ್ದವನು ನೀನು. ಕಡೆಯ ದಿನದವರೆಗೂ ನಾನು ಪ್ರತಿ ಸ್ಟಾಪಿನಲ್ಲೂ ಗೆರೆ ದಾಟದಂತೆ ನಿಲ್ಲಿಸಿದವನು ಅಂತ ಬರಿ. ಅಷ್ಟು ಸಾಕು.

ನಿನ್ನ,
ಗಂಟುಮೋರೆ


ಏಪ್ರಿಲ್ 3

ನನ್ನ ಗೆಳೆಯ,

ನೀನು ಕೇಳಿದ ಕಾಗದ ನಾನು ಬರೆಯಲಾರೆ. ಯಾಕೆ ಅಂತ ಹೇಳುತ್ತೇನೆ. ಓದಿದ ಮೇಲೆ ನೀನು ನನ್ನ ಮುಖ ನೋಡದಿದ್ದರೂ ಸರಿ.

ಹೋದ ವರ್ಷ ಮೊದಲ ಬಾರಿಗೆ ನಿನಗೆ ಕಾಲು ಹಿಡಿದುಕೊಂಡಿತಲ್ಲ, ಅದಾದ ಎರಡು ವಾರಕ್ಕೆ ಒಂದು ದಿನ ಆಸ್ಪತ್ರೆ ಸ್ಟಾಪಿನಲ್ಲಿ ಬಸ್ಸು ಗೆರೆ ದಾಟಿ ಒಂದು ಮಾರು ಮುಂದೆ ನಿಂತಿತು. ನಾನು ಮುಂದಿನ ಬಾಗಿಲಲ್ಲಿದ್ದೆ. ನೀನು ಕೈಯಿಂದ ತೊಡೆ ಎತ್ತಿ ಕಾಲನ್ನು ಬ್ರೇಕಿನಿಂದ ಈಚೆಗಿಟ್ಟಿದ್ದನ್ನು ನೋಡಿದೆ. ನಿನ್ನ ಹಣೆಯಲ್ಲಿ ಬೆವರಿತ್ತು. ನಾನು ಏನೂ ಕೇಳಲಿಲ್ಲ. ಮಾರನೆಯ ದಿನದಿಂದ ಬೆಲ್ಲನ್ನು ಮುಂಚೆ ಹೊಡೆಯಲು ಶುರುಮಾಡಿದೆ.

ಮೊದಲು ಎರಡು ದೀಪದ ಕಂಬದಷ್ಟು ಮುಂಚೆ. ಪ್ರತಿ ಸ್ಟಾಪಿಗೂ ಒಂದು ಗುರುತು ಇಟ್ಟುಕೊಂಡೆ. ಆಸ್ಪತ್ರೆಗೆ ಔಷಧಿ ಅಂಗಡಿ, ಮಾರ್ಕೆಟ್ಟಿಗೆ ನಲ್ಲಿಕಟ್ಟೆ, ಗಡಿಯಾರದವನ ಸ್ಟಾಪಿಗೆ ಬೇಕರಿ. ಬೇಸಿಗೆಯ ಹೊತ್ತಿಗೆ ಅದೂ ಸಾಲಲಿಲ್ಲ, ಇನ್ನೊಂದು ಕಂಬ ಸೇರಿಸಿದೆ. ಕಡೆಯ ಎರಡು ತಿಂಗಳು ಬೇಕರಿಗೂ ಮುಂಚೆ, ಶಾಲೆಯ ಗೇಟಿನ ಹತ್ತಿರವೇ ಹೊಡೆಯುತ್ತಿದ್ದೆ. "ಏನ್ ಕಂಡಕ್ಟ್ರೇ, ನಿಮ್ಗೆ ಮನೆಗೆ ಹೋಗೋ ಅವಸರಾನಾ?" ಅಂತ ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನೀನು ಗೆರೆ ದಾಟದಂತೆ ನಿಲ್ಲಿಸುತ್ತಿದ್ದೆ ನಿಜ. ನಿಲ್ಲಿಸಲು ನಿನಗೆ ಬೇರೆ ಯಾವ ಡ್ರೈವರಿಗೂ ಸಿಗದಷ್ಟು ದೂರ ಸಿಗುತ್ತಿತ್ತು. ಅದನ್ನು ನಾನು ನಿನಗೆ ಗೊತ್ತಾಗದ ಹಾಗೆ ಕೊಟ್ಟೆ. ನಿನ್ನ ಕಾಲು ಎಷ್ಟು ಹೋಗಿದೆ ಅಂತ ನಿನಗೇ ಗೊತ್ತಾಗದ ಹಾಗೆ ಮಾಡಿದೆ.

ಹುಡುಗಿ ಬೆಲ್ಲು ಹೊಡೆದದ್ದು ಸರಿಯಾದ ಜಾಗದಲ್ಲಿ.

ನಾಲ್ಕು ವರ್ಷದ ಸರ್ವಿಸು ಉಳಿದಿದೆ, ಇವನನ್ನು ಹೇಗಾದರೂ ದಡ ಮುಟ್ಟಿಸಬೇಕು ಅಂದುಕೊಂಡಿದ್ದೆ. ನನ್ನ ರಿಟೈರ್‌ಮೆಂಟು ಅದಕ್ಕಿಂತ ಮೊದಲು ಬರುತ್ತದೆ ಅನ್ನುವುದು ಗೊತ್ತಿದ್ದೂ ಯೋಚಿಸಲಿಲ್ಲ. ಹೋಗುವ ದಿನವಾದರೂ ಹೇಳಬೇಕಿತ್ತು. ಹಾರ ಹಾಕಿ ಫೋಟೋ ತೆಗೆದರು, ನೀನು ಅಪರೂಪಕ್ಕೆ ನಗುತ್ತಿದ್ದೆ, ಬಾಯಿ ಬರಲಿಲ್ಲ. ನೋವು ಹೋಯಿತು, ಚಪ್ಪಲಿ ಕಳಚಿದ್ದೇ ತಿಳಿಯಲಿಲ್ಲ ಅಂತ ಬರೆದಿದ್ದೆಯಲ್ಲ, ಅದನ್ನು ಓದಿ ಕೂಡಲೇ ಪೆನ್ನು ಹಿಡಿದೆ. ಎರಡು ಕಾಗದ ಬರೆದು ಎರಡನ್ನೂ ಹರಿದುಹಾಕಿದೆ. ಒಂದನ್ನು ಅಂಚೆಗೆ ಹಾಕಿದ್ದರೂ ಆ ಹೆಣ್ಣುಮಗಳ ಕಾಲು ಉಳಿಯುತ್ತಿತ್ತು.

ಒಂದು ಕೆಲಸ ಮಾಡು. ಗೋಡೆ ಹಿಡಿದು ನಿಲ್ಲು. ಹಿಮ್ಮಡಿಯನ್ನು ನೆಲದ ಮೇಲೆ ಊರಿ, ಬಲಗಾಲಿನ ಬೆರಳುಗಳನ್ನು ಮೇಲಕ್ಕೆತ್ತು. ಎತ್ತಲು ಬಂದರೆ ನಾನು ಹೇಳಿದ್ದೆಲ್ಲ ಸುಳ್ಳು ಅಂದುಕೋ. ಬರದಿದ್ದರೆ ಹದಿನೆಂಟರೊಳಗೆ ಹೋಗಿ ಹೇಳಿಬಿಡು. ಆ ಹುಡುಗಿಗೆ ಇದು ಮೊದಲ ಕೆಲಸ ಅಂತ ನೀನೇ ಬರೆದಿದ್ದೆ.

ನಿನ್ನ,
ಗಂಟಲು


ಏಪ್ರಿಲ್ 7

ನಿನ್ನ ಪರೀಕ್ಷೆ ನಾನು ಮಾಡಲಿಲ್ಲ, ಮಾಡುವುದೂ ಇಲ್ಲ.

ನನ್ನ ಬೆನ್ನ ಹಿಂದೆ ನಿಂತು ಒಂದು ವರ್ಷ ನನ್ನನ್ನು ಮಗು ಆಡಿಸಿದ ಹಾಗೆ ಆಡಿಸಿದೆ. ಬ್ರೇಕಿನ ವಿಷಯ ಮುಖಕ್ಕೆ ಹೇಳಿದ್ದರೆ ನಾನು ಸಿಟ್ಟಾಗುತ್ತಿದ್ದೆ, ಒಂದು ವಾರ ಮಾತು ಬಿಡುತ್ತಿದ್ದೆ, ಆಮೇಲೆ ಆಸ್ಪತ್ರೆಗೆ ಹೋಗುತ್ತಿದ್ದೆ. ಆಗ ಆಪರೇಷನ್ ಮಾಡಿಸಿದ್ದರೆ ಕಾಲು ಉಳಿಯುತ್ತಿತ್ತು. ಇಬ್ಬರ ಕಾಲೂ ಉಳಿಯುತ್ತಿತ್ತು. ಈಗ ದೂರದ ಊರಲ್ಲಿ ಕೂತು ಹೋಗಿ ಹೇಳು ಅನ್ನುತ್ತೀಯ. ಹೇಳುವುದು ನಾನು, ಕಳೆದುಕೊಳ್ಳುವುದು ನಾನು.

ಡ್ರೈವಿಂಗ್ ಬಿಟ್ಟು ನನಗೆ ಬೇರೆ ಏನು ಬರುತ್ತದೆ? ಇಪ್ಪತ್ತೊಂದನೇ ವಯಸ್ಸಿಗೆ ಸ್ಟಿಯರಿಂಗ್ ಹಿಡಿದವನು ನಾನು.

ಇನ್ನು ಬರೆಯಬೇಡ.

(ಸಹಿ)
ಚಾಲಕ


ಏಪ್ರಿಲ್ 12

ಪೂಜ್ಯ ಅಣ್ಣನವರಿಗೆ,

ನಾನು ನಿಮ್ಮ ತಂಗಿ ಬರೆಯುತ್ತಿದ್ದೇನೆ. ಇವರಿಗೆ ತಿಳಿಸಿಲ್ಲ. ನಿಮ್ಮ ಕಾಗದವನ್ನು ಓದಿ ಇವರು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದರು. ಅಡುಗೆಮನೆಯಲ್ಲಿ ನನಗೆ ಗೊತ್ತಿಲ್ಲದ ಜಾಗ ಇದೆ ಅಂತ ಇವರು ಹೇಗೆ ತಿಳಿದರೋ. ಓದಿದೆ. ತಪ್ಪಾಗಿದ್ದರೆ ಕ್ಷಮಿಸಿ.

ನೀವೊಬ್ಬರೇ ಅಲ್ಲ ಅಣ್ಣ. ಇವರ ಬಲಗಾಲಿಗೆ ಸಾಕ್ಸು ಹಾಕುತ್ತಿದ್ದವಳು ನಾನು. ಬೂಟಿನ ದಾರ ಕಟ್ಟುತ್ತಿದ್ದವಳು ನಾನು. ಹೊಸಿಲ ಹತ್ತಿರ ಎಡವುತ್ತಾರೆ ಅಂತ ಕಾಲೊರಸನ್ನು ತೆಗೆದು ಒಗೆಯಲು ಹಾಕಿದ್ದೇನೆ ಅಂತ ಸುಳ್ಳು ಹೇಳಿದವಳು ನಾನು. ಪಾದ ನೆಲಕ್ಕೆ ಪಟ್ ಅಂತ ಬೀಳುವ ಸದ್ದು ಎರಡು ತಿಂಗಳಿಂದ ಕೇಳಿಸುತ್ತಿತ್ತು. ಹೇಳಿದರೆ ಮತ್ತೆ ರೇಗುತ್ತಾರೆ, ನೋವು ಹೋಗಿ ಈಗಷ್ಟೇ ನಗುತ್ತಿದ್ದಾರೆ, ಆ ನಗು ಯಾಕೆ ಕೆಡಿಸಬೇಕು ಅಂದುಕೊಂಡೆ.

ನಿನ್ನೆ ಆ ಕಂಡಕ್ಟರ್ ಹುಡುಗಿ ಮನೆಗೆ ಬಂದಿದ್ದಳು. ಇವರು ರೂಮಿನಿಂದ ಹೊರಗೆ ಬರಲಿಲ್ಲ. ಜಗಳ ಮಾಡಲು ಬಂದಿದ್ದಾಳೆ ಅಂತ ನಾನು ಹೆದರಿದ್ದೆ. ಅವಳು ನೀರು ಕುಡಿದು, ತಲೆ ತಗ್ಗಿಸಿ ಕೂತು, "ಅಮ್ಮಾ, ಸರ್‌ನ ಒಂದು ಮಾತು ಕೇಳ್ಬೇಕಿತ್ತು. ನಾನು ನಿಜವಾಗ್ಲೂ ಲೇಟಾಗಿ ಹೊಡೆದ್ನಾ? ಸರಿಯಾಗೇ ಹೊಡೆದೆ ಅಂತ ಅನ್ಕೊಂಡಿದ್ದೆ. ಎಲ್ರೂ ಕೇಳಿ ಕೇಳಿ ಈಗ ನಂಗೇ ಅನುಮಾನ ಬರ್ತಿದೆ. ಸರ್‌ಗೆ ಇಷ್ಟು ವರ್ಷ ಅನುಭವ ಇದೆ, ಅವ್ರು ಲೇಟು ಅಂದ್ರೆ ಲೇಟೇ ಇರ್ಬೇಕು. ಆ ಹೆಂಗಸಿನ ಕಾಲು ನನ್ನಿಂದ ಹೋಯ್ತು ಅಂದ್ರೆ ನಾನು ಹೇಗಮ್ಮಾ ಬದುಕ್ಲಿ?" ಅಂದಳು. ರೂಮಿನ ಬಾಗಿಲು ಅರ್ಧ ತೆರೆದಿತ್ತು, ಇವರಿಗೆ ಕೇಳಿಸಿರಲೇಬೇಕು.

ಇವತ್ತು ಬೆಳಿಗ್ಗೆ ನಾನು ಬಟ್ಟೆ ಒಣಹಾಕಿ ಬಂದಾಗ ಇವರು ಅಡುಗೆಮನೆಯ ಗೋಡೆ ಹಿಡಿದು ನಿಂತಿದ್ದರು. ಹಿಮ್ಮಡಿ ಊರಿ ಬೆರಳು ಎತ್ತಲು ನೋಡುತ್ತಿದ್ದರು. ಎಡಗಾಲಿನದು ಎದ್ದಿತು. ಬಲಗಾಲಿನದು ನೆಲ ಬಿಡಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿತು, ಇವರು ನೋಡಲೂ ಇಲ್ಲ, ಎತ್ತಲು ಪ್ರಯತ್ನಿಸುತ್ತಲೇ ಇದ್ದರು. ನಾನು ಹಿಂದಕ್ಕೆ ಸರಿದು ಮತ್ತೆ ಹಗ್ಗದ ಹತ್ತಿರ ಹೋಗಿ ನಿಂತೆ. ನಾನು ನೋಡಿದ್ದು ಇವರಿಗೆ ಗೊತ್ತಿಲ್ಲ.

ಹದಿನೆಂಟಕ್ಕೆ ಇನ್ನು ಆರು ದಿನ. ನೀವು ಏನೂ ಬರೆಯಬೇಡಿ. ಈ ಸಲ ನಾನೇ ಹೇಳುತ್ತೇನೆ.

ನಿಮ್ಮ ತಂಗಿ


ಮೇ 2

ಗಂಟಲು,

ಬರೆಯಬೇಡ ಅಂದವನೇ ಬರೆಯುತ್ತಿದ್ದೇನೆ.

ಹದಿನೇಳನೇ ತಾರೀಕು ನಿನ್ನ ತಂಗಿ ನನ್ನ ಎದುರು ಬಂದು ಕೂತು, ಬೂಟನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು, "ನಾಳೆ ನೀವೇ ಹಾಕ್ಕೊಳ್ಳಿ. ನಿಮ್ಮ ಕೈಲಾದ್ರೆ ಬೆಲ್ಲು ಲೇಟಾಯ್ತು ಅಂತಲೇ ಹೇಳಿ, ನಾನು ತುಟಿ ಬಿಚ್ಚಲ್ಲ" ಅಂದಳು. ಅರ್ಧ ಗಂಟೆ ಹೆಣಗಿದೆ. ಕಾಲು ಬೂಟಿನೊಳಗೆ ಮಡಚಿಕೊಂಡು ಕೂತಿತ್ತು, ನನಗೆ ಅದೂ ಗೊತ್ತಾಗುತ್ತಿರಲಿಲ್ಲ. ಇಬ್ಬರೂ ಅತ್ತೆವು.

ವಿಚಾರಣೆಯಲ್ಲಿ ನನ್ನ ಹೇಳಿಕೆ ಓದಿ, "ಇದೇ ತಾನೆ?" ಅಂದರು. ಅಲ್ಲ ಅಂದೆ. ಬೆಲ್ಲು ಸರಿಯಾದ ಸಮಯಕ್ಕೇ ಬಿತ್ತು, ನನ್ನ ಬಲಪಾದ ಏಳುವುದಿಲ್ಲ, ಕಾಲಿನ ತೊಂದರೆಯನ್ನು ವರ್ಷದಿಂದ ಮುಚ್ಚಿಟ್ಟಿದ್ದೇನೆ ಅಂದೆ. ಅಧಿಕಾರಿ ಕಾರಿಡಾರಿನಲ್ಲಿ ಹಿಮ್ಮಡಿಯ ಮೇಲೆ ನಡೆದು ತೋರಿಸಿ ಅಂದರು. ಎರಡು ಕಡೆಯೂ ಡಿಪೋದ ಜನ ನಿಂತಿದ್ದರು. ಮೆಕ್ಯಾನಿಕ್ಕು, ಟೈಮ್‌ಕೀಪರ್, ಎಲ್ಲರೂ. ನಡೆದೆ. ಪಟ್, ಪಟ್ ಅಂತ ಸದ್ದು. ಹುಡುಗಿ ಕಿಟಕಿಯ ಹತ್ತಿರ ಇದ್ದಳು. ಅವಳಿಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಅವಳು ಬಾಯಿಗೆ ಕೈ ಹಿಡಿದು ಬಿಕ್ಕುತ್ತಿದ್ದಳು. ಅವಳಿಗೆ ಕೆಲಸ ವಾಪಸು ಸಿಕ್ಕಿತು.

ನನ್ನ ಲೈಸೆನ್ಸು ತೆಗೆದುಕೊಂಡರು. ಪೊಲೀಸ್ ಕೇಸು ನಡೆಯುತ್ತಿದೆ, ಶಿಕ್ಷೆ ಏನು ಬರುತ್ತದೋ ಬರಲಿ.

ನರದ ಡಾಕ್ಟರಿಗೂ ತೋರಿಸಿದೆ. ಸ್ಕ್ಯಾನು ನೋಡಿ, ಸೊಂಟದ ಡಿಸ್ಕು ನರವನ್ನು ಬಹಳ ದಿನದಿಂದ ಅಮುಕಿದೆ ಅಂದರು. ನೋವು ತಾನಾಗಿ ನಿಂತಿತಲ್ಲ ಡಾಕ್ಟರೇ ಅಂತ ಕೇಳಿದೆ. ಚಿಕ್ಕ ವಯಸ್ಸಿನವರು, ನನ್ನ ಮುಖ ನೋಡದೆ ಹೇಳಿದರು: "ನರ ಬದುಕಿರೋವರೆಗೂ ಕೂಗುತ್ತೆ. ನಿಮ್ಮದು ಕೂಗೋದನ್ನ ನಿಲ್ಲಿಸಿದೆ." ಆಪರೇಷನ್ ಮಾಡಿದರೆ ಇನ್ನಷ್ಟು ಕೆಡದಂತೆ ತಡೆಯಬಹುದು, ಪಾದ ಮತ್ತೆ ಏಳುತ್ತದೆ ಅಂತ ಭರವಸೆ ಕೊಡಲಾರೆ ಅಂದರು. ಆ ಮಾರ್ಚಿನಲ್ಲಿ ನಾನು ಎಷ್ಟು ಖುಷಿಯಾಗಿದ್ದೆ! ಅತ್ತು ಕರೆದು ದೂರುತ್ತಿದ್ದ ಆ ನೋವು ನನಗೆ ಏನೋ ಹೇಳುತ್ತಿತ್ತು. ಅದು ಸುಮ್ಮನಾದ ದಿನ ನಾನು ಕೂತು ಊಟ ಮಾಡಿದೆ.

ನಿನ್ನ ಹೆಸರನ್ನು ವಿಚಾರಣೆಯಲ್ಲಿ ಎತ್ತಲಿಲ್ಲ. ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಆದರೂ ಎತ್ತಲಿಲ್ಲ.

ನಿನ್ನ ಹಳೆಯ ಡ್ರೈವರ್


ಮೇ 14

ಪ್ರೀತಿಯ ಗಂಟುಮೋರೆ,

ಹಾಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ, ಬೇರೆ ಹೆಸರು ಬಾಯಿಗೆ ಬರುವುದಿಲ್ಲ.

ನನ್ನ ಹೆಸರು ಎತ್ತಲಿಲ್ಲ ಅನ್ನುವ ಸಾಲನ್ನು ನಾಲ್ಕು ಸಲ ಓದಿದೆ. ಮೊದಲ ಸಲ ಓದಿದಾಗ ಉಸ್ಸಪ್ಪಾ ಅನಿಸಿತು. ನಿನಗೆ ಸುಳ್ಳು ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಮಗಳಿಗೆ ಇನ್ನೂ ಏನೂ ಹೇಳಿಲ್ಲ, ನಿನ್ನ ಕಾಗದಗಳನ್ನು ಬಚ್ಚಿಟ್ಟಿದ್ದೇನೆ. ಡ್ರೈವರ್ ಮಾಮ ಯಾಕೆ ಬರೆಯುತ್ತಿಲ್ಲ ಅಂತ ಕೇಳಿದರೆ, ಕೆಲಸ ಜಾಸ್ತಿಯಂತೆ ಅನ್ನುತ್ತೇನೆ.

ಆಪರೇಷನ್ ದಿನ ಗೊತ್ತಾದರೆ ತಿಳಿಸು. ನಾನು ಬರಲೋ ಬೇಡವೋ ನೀನೇ ಹೇಳು.

ನಿನ್ನ,
ಗಂಟಲು


ಜುಲೈ 6

ಪ್ರೀತಿಯ ಗಂಟಲು,

ಆಪರೇಷನ್ ಆಗಿ ಐದು ವಾರ. ಪಾದ ಎದ್ದಿಲ್ಲ. ಬೂಟಿನೊಳಗೆ ಹಾಕುವ ಒಂದು ಪ್ಲಾಸ್ಟಿಕ್ ಪಟ್ಟಿ ಕೊಟ್ಟಿದ್ದಾರೆ, ಅದು ಪಾದವನ್ನು ಎತ್ತಿ ಹಿಡಿಯುತ್ತದೆ. ಬಕೆಟ್ಟು ಎತ್ತುವಂತಿಲ್ಲ, ಬಗ್ಗುವಂತಿಲ್ಲ. ನಿನ್ನ ತಂಗಿ ನೆಲ ಒರೆಸುವಾಗ ನಾನು ಕಂಬದ ಹಾಗೆ ನಿಂತಿರುತ್ತೇನೆ, ಅವಳು ನನ್ನ ಸುತ್ತ ಒರೆಸಿಕೊಂಡು ಹೋಗುತ್ತಾಳೆ.

ಹೋದ ಬುಧವಾರ ಆ ಹೊಲಿಗೆಯವಳ ಮನೆಗೆ ಹೋಗಿದ್ದೆ. ಕಂಡಕ್ಟರ್ ಹುಡುಗಿ ಮೊದಲಿನಿಂದಲೂ ಅಲ್ಲಿಗೆ ಹೋಗಿ ಬರುತ್ತಿದ್ದಾಳೆ. ನಾನು ಬರಬಹುದಾ ಕೇಳು ಅಂತ ಅವಳಿಗೆ ಹೇಳಿದೆ, ಬರಲಿ ಅಂದಿದ್ದಾರೆ ಅಂತ ಬಂದು ತಿಳಿಸಿದಳು. ಬಾಗಿಲು ತೆರೆದದ್ದು ಗಂಡ. ನನ್ನನ್ನು ಮೇಲಿಂದ ಕೆಳಗೆ ನೋಡಿ ಆಚೆ ಹೋಗಿ ನಿಂತ.

ಒಂದೇ ಕೋಣೆ. ಕಿಟಕಿಗೆ ಎದುರಾಗಿ ಮಿಷನ್ನು, ಅದಕ್ಕೆ ಈಗ ಮೋಟರು ಹಾಕಿಸಿದ್ದಾರೆ. ಕಾಲಿದ್ದ ಕಡೆ ಸೀರೆಯ ಅಂಚು ಮಡಿಸಿ ಪಿನ್ನು ಹಾಕಿಕೊಂಡಿದ್ದಳು.

"ಕ್ಷಮೆ ಕೇಳೋಕೆ ಬಂದಿದ್ರೆ ಬೇಡ," ಅಂದಳು. "ಕೇಳಿದ ಮೇಲೆ ನಾನು ಏನಾದ್ರೂ ಹೇಳ್ಬೇಕಾಗುತ್ತೆ. ನಂಗೆ ಹೇಳೋಕೆ ಏನೂ ಇಲ್ಲ. ಕೂತ್ಕೊಳ್ಳಿ."

ಅವಳು ತೋರಿಸಿದ ಸ್ಟೂಲಿನ ಮೇಲೆ ಕೂರಲಾಗುವುದಿಲ್ಲ, ನಿಂತೇ ಇರುತ್ತೇನೆ ಅಂದೆ. ಯಾಕೆ ಅಂದಳು. ನರದ ವಿಷಯ ಎರಡು ಮಾತಲ್ಲಿ ಹೇಳಿದೆ. ಕಾಲು ಕಳೆದುಕೊಂಡವಳ ಮುಂದೆ ನನ್ನ ಕಾಲಿನ ಕತೆ ಹೇಳಲು ನಾಚಿಕೆಯಾಯಿತು. ಅವಳು ಕತ್ತರಿ ಕೆಳಗಿಟ್ಟಳು.

"ನಿಮ್ಗೆ ನೋವಿದ್ದಾಗ ಹೇಗಿರ್ತಿತ್ತು? ಸರಿಯಾಗಿ ಹೇಳಿ."

ಹೇಳಿದೆ. ಮೇಲಿಂದ ಕರೆಂಟಿನ ಹಾಗೆ ಬರುತ್ತಿತ್ತು, ಹೆಬ್ಬೆರಳನ್ನು ಕೆಂಡದ ಮೇಲೆ ಹಿಡಿದ ಹಾಗೆ ಆಗುತ್ತಿತ್ತು, ಹೊದಿಕೆ ತಾಗಿದರೂ ತಡೆಯುತ್ತಿರಲಿಲ್ಲ, ಕೆಲಸ ಬಿಟ್ಟು ಸುಮ್ಮನೆ ಮಲಗಿದಾಗಲೇ ಜಾಸ್ತಿ ಅಂದೆ. ಅವಳ ಮುಖ ಬದಲಾಯಿತು. ಗಂಡನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದಳು.

"ನಂಗೂ ಹಾಗೇ ಆಗುತ್ತೆ. ಆ ಕಾಲಿಗೇ. ಇಲ್ದೇ ಇರೋ ಕಾಲಿಗೆ. ಹೆಬ್ಬೆರಳು ಒಳಕ್ಕೆ ಮಡಚ್ಕೊಂಡು ಉರಿಯುತ್ತೆ, ಬಿಡಿಸೋಣ ಅಂತ ಕೈ ಚಾಚಿದ್ರೆ ಅಲ್ಲಿ ಹಾಸಿಗೆ ಮಾತ್ರ ಇರುತ್ತೆ. ಅತ್ತೆ ಹತ್ರ ಹೇಳ್ದೆ, ಮನಸ್ಸು ಗಟ್ಟಿ ಮಾಡ್ಕೋ ಅಂದ್ರು. ಇವ್ರ ಹತ್ರ ಹೇಳ್ದೆ, ಇಲ್ದಿರೋ ಕಾಲು ಹೇಗೆ ನೋಯುತ್ತೆ ಅಂತ ಕೇಳಿದ್ರು. ಆಮೇಲೆ ಹೇಳೋದು ಬಿಟ್ಟೆ. ನಿಜ ಹೇಳಿ, ನಂಗೆ ತಲೆ ಕೆಟ್ಟಿದೆಯಾ?"

"ಇಲ್ಲಮ್ಮ," ಅಂದೆ. "ನೋವು ನಿಜ. ನರಕ್ಕೆ ಕಾಲು ಹೋಗಿದ್ದು ಗೊತ್ತಾಗಿಲ್ಲ. ನನ್ನ ಡಾಕ್ಟರು ಇದಕ್ಕೂ ಔಷಧಿ ಕೊಡೋದನ್ನ ವಾರ್ಡಲ್ಲಿ ನೋಡಿದ್ದೀನಿ, ನಾನು ಬಂದು ಕರ್ಕೊಂಡು ಹೋಗ್ತೀನಿ."

ಅವಳು ಅತ್ತಳು. ಕಾಲು ಹೋದಾಗಲೂ ಇಷ್ಟು ಅತ್ತಿರಲಿಲ್ಲ ಅಂತ ಗಂಡ ಆಮೇಲೆ ಹೇಳಿದ. ಹದಿನಾಲ್ಕು ತಿಂಗಳು ನಾನು ಹಲ್ಲು ಕಚ್ಚಿ ಪಟ್ಟ ಪಾಡು ಯಾರಿಗಾದರೂ ಉಪಯೋಗಕ್ಕೆ ಬಂತಲ್ಲ ಗಂಟಲು, ಅದು ಯಾರಿಗೆ ಬಂತು ನೋಡು.

ಹೊರಡುವಾಗ, "ಬರೋ ಬುಧವಾರ ಬನ್ನಿ," ಅಂದಳು. "ನಿಮ್ಮನ್ನ ಕ್ಷಮಿಸಿದ್ದೀನಿ ಅನ್ಕೋಬೇಡಿ. ಇದನ್ನ ನಂಬೋರು ಬೇರೆ ಯಾರೂ ಇಲ್ಲ, ಅದಕ್ಕೆ." ಆಮೇಲೆ ಏನೋ ನೆನಪಾದವಳ ಹಾಗೆ ಕೇಳಿದಳು: "ಒಂದು ವರ್ಷ ನಿಮ್ಮ ಕಾಲು ಹಾಗಿತ್ತು ಅಂತೀರಿ. ಅಷ್ಟು ದಿನ ಒಬ್ರ ಕಣ್ಣಿಗೂ ಬೀಳ್ಲಿಲ್ವಾ?"

ನಾನು ಉತ್ತರ ಕೊಡಲಿಲ್ಲ. ವಿಚಾರಣೆಯಲ್ಲಿ ನಿನ್ನನ್ನು ಮುಚ್ಚಿಟ್ಟೆ. ನನಗೆ ಒಳ್ಳೆಯದಾಗಲಿ ಅಂತ ನೀನು ಏನು ಮಾಡಿದೆಯೋ ನಿನಗೆ ನಾನೂ ಅದನ್ನೇ ಮಾಡಿದೆ. ಅವಳ ಮುಂದೆ ಮತ್ತೊಮ್ಮೆ ಮಾಡಲಾರೆ. ಹೇಳಿಬಿಡುವುದೂ ನನ್ನಿಂದಾಗಲಿಲ್ಲ, ಆ ಉತ್ತರ ನಿನ್ನದು.

ಮಗಳಿಗೆ ಎಲ್ಲ ಹೇಳಿ ಹೊರಟು ಬಾ. ನಮ್ಮ ಮನೆಯಲ್ಲೇ ಉಳಿದುಕೋ. ಬುಧವಾರ ಇಬ್ಬರೂ ಹೋಗೋಣ. ಅವಳು ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ, ಹೊರಗಿನಿಂದಲೇ ಹೇಳು. ನಿನಗೆ ದೊಡ್ಡ ದನಿಯಿದೆ.

ನಿನ್ನ,
ಗಂಟುಮೋರೆ